ಜಾಲಿ ಹಾಕಿಸಿದರೆ ಕ್ಲೀನಿಂಗ್ ತಪ್ಪುತ್ತದೆ ಅನ್ನುವುದನ್ನು ಮೊದಲು ಬಿಡಿ

ತಾರಸಿಯ ಮಳೆನೀರಿನ ಪೈಪನ್ನು ವರ್ಷಕ್ಕೆ ಎಷ್ಟು ಸಲ ಕ್ಲೀನ್ ಮಾಡಿಸಬೇಕು, ಬಾಯಿಗೆ ಜಾಲಿ ಕೂರಿಸಿಬಿಟ್ಟರೆ ಆ ಕೆಲಸವೇ ತಪ್ಪುತ್ತದಾ ಅಂತ ಕೇಳಿದ್ದೀರಿ. ನಾನೂ ಅದೇ ಲೆಕ್ಕ ಹಾಕಿ, 4 ಇಂಚಿನ ಪೈಪಿನ ಬಾಯಿಗೆ ನೆಲಮಟ್ಟದಲ್ಲೇ ಸೊಳ್ಳೆ ಜಾಲರಿ ಬಿಗಿದಿದ್ದೆ. ಮೇ ತಿಂಗಳ ಒಂದೇ ಮಳೆಗೆ ನೀರು ತಾರಸಿ ಬಾಗಿಲಿನ ಹೊಸಿಲು ದಾಟಿ ಮೆಟ್ಟಿಲಿಳಿಯಿತು.

ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದೇ ಜಾಲರಿ ಈಗಲೂ ಎಷ್ಟೋ ಮನೆಗಳಲ್ಲಿದೆ. ಪಕ್ಕದಲ್ಲಿ ಹೊಂಗೆ ಮರ. ಬೇಸಿಗೆಯಲ್ಲಿ ಅದರ ಹೂವು ಪುರಿ ಚೆಲ್ಲಿದ ಹಾಗೆ ಉದುರುತ್ತದೆ. ಮೊದಲ ನೀರು ಅದನ್ನೆಲ್ಲ ಗುಡಿಸಿಕೊಂಡು ಪೈಪಿನ ಬಾಯಿಗೆ ತರುತ್ತದೆ. ಒದ್ದೆ ಹೂವು ಜಾಲರಿಗೆ ಅಂಟುತ್ತದೆ, ಅದರ ಮೇಲೆ ನಾಲ್ಕು ಅಗಲದ ಎಲೆ ಮಲಗುತ್ತವೆ. ಆಮೇಲೆ ನಿಂತ ನೀರಿನ ಭಾರವೇ ಅವನ್ನು ಕೆಳಕ್ಕೆ ಒತ್ತುತ್ತದೆ. ನೀರು ಏರಿದಷ್ಟೂ ಮುಚ್ಚಳ ಬಿಗಿ. ಚಪ್ಪಟೆ ಜಾಲರಿಯಲ್ಲಿ ನೀರಿಗೆ ಬೇರೆ ದಾರಿಯೇ ಇಲ್ಲ. ನೀರಿಗೆ ಕೈ ಇಳಿಸಿ ಎಳೆದಾಗ ಬಂದದ್ದು ಅರ್ಧ ಇಂಚು ದಪ್ಪದ ಕಂದು ಹೊದಿಕೆ, ರೊಟ್ಟಿಯ ಹಾಗೆ ಇಡಿಯಾಗಿ. ಅದರ ಅಡಿಯಲ್ಲಿ ಜಾಲರಿಯ ಚೌಕಗಳ ಅಚ್ಚು ಬಿದ್ದಿತ್ತು. ಮೂರು ಇಂಚು ನೀರು ನಿಂತರೆ ಚದರ ಮೀಟರಿಗೆ 75 ಕೆಜಿ ಭಾರ. ಅದಕ್ಕಿಂತ ಕೆಟ್ಟದ್ದು ಪೈಪೂ ಸ್ಲ್ಯಾಬೂ ಸೇರುವ ಸಂದು. ತಾರಸಿ ಸೋರುವುದು ಹೆಚ್ಚಾಗಿ ಅಲ್ಲೇ, ನೀರು ನಿಂತಷ್ಟು ಹೊತ್ತೂ ಅದು ಒಳಗಿಳಿಯುತ್ತಿರುತ್ತದೆ.

ಹಾಕುವುದಾದರೆ ಗುಮ್ಮಟದ ಆಕಾರದ ಜಾಲಿ ಹಾಕಿ, ಜಾಲಿಯ ಸಂದುಗಳು ಒಂದು ಸೆಂಟಿಮೀಟರ್ ಇರಲಿ. ಬುಡ ಕಟ್ಟಿಕೊಂಡರೂ ನೀರು ಎರಡು ಇಂಚು ಏರಿ ಪಕ್ಕದ ಸಂದಿನಿಂದ ಇಳಿಯುತ್ತದೆ. ಆದರೂ ಜಾಲಿ ಕಸವನ್ನು ತಡೆಯುತ್ತದೆಯೇ ಹೊರತು ಎತ್ತಿ ಹಾಕುವುದಿಲ್ಲ. ಎತ್ತಬೇಕಾದವರು ನೀವೇ.

ಇನ್ನು ಎಷ್ಟು ಸಲ ಅನ್ನುವುದು. ಆ ಪ್ರಶ್ನೆಯೇ ಸರಿಯಿಲ್ಲ. ಯಾವಾಗ ಅಂತ ಕೇಳಿ. ಯುಗಾದಿ ಕಳೆದು ಅಶ್ವಿನಿ ಮಳೆ (ಏಪ್ರಿಲ್ ಮಧ್ಯ) ಶುರುವಾಗುವ ಮುಂಚೆ ಒಂದು ಪೂರ್ತಿ ಕ್ಲೀನಿಂಗ್. ಅಷ್ಟರಲ್ಲಿ ಬೇಸಿಗೆಯ ಎಲೆ ಉದುರಿ ಮುಗಿದಿರುತ್ತದೆ. ಹೊಂಗೆ, ಗುಲ್‌ಮೊಹರ್ ಹೂವು ಉದುರಿದ ಮೇಲೆ ಮೇ ಕೊನೆಗೆ ಇನ್ನೊಂದು. ಜೂನ್ ತಿಂಗಳನ್ನು ಹಗುರವಾಗಿ ತಗೋಬೇಡಿ: 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಸುರಿಯಿತು. ಒಂದು ಚದರ ಮೀಟರಿಗೆ 1 ಮಿ.ಮೀ. ಅಂದರೆ ಒಂದು ಲೀಟರ್. ಸಾವಿರ ಚದರಡಿ ತಾರಸಿಗೆ 10,000 ಲೀಟರ್ ದಾಟುತ್ತದೆ. ಅಷ್ಟೂ ಒಂದೋ ಎರಡೋ ತೂತಿನಲ್ಲಿ ಇಳಿಯಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹದಿನೈದು ದಿನಕ್ಕೊಮ್ಮೆ, ಜೋರು ಗಾಳಿ ಬೀಸಿದ ಮರುದಿನ ತಪ್ಪದೆ ಮೇಲೆ ಹತ್ತಿ ನೋಡಿ. ದೀಪಾವಳಿಯ ಮರುದಿನವೂ: ಪಟಾಕಿ ಕಾಗದ ನೆನೆದರೆ ಹೊಂಗೆ ಹೂವಿನಷ್ಟೇ ಕೆಟ್ಟದಾಗಿ ಅಂಟುತ್ತದೆ. ಡಿಸೆಂಬರಿನಲ್ಲಿ ಮಣ್ಣು ತೆಗೆಸಿ, ಇಲ್ಲದಿದ್ದರೆ ಹಕ್ಕಿ ಹಾಕಿದ ಬೀಜದಿಂದ ಅರಳಿ ಸಸಿ ಸಂದಿಗೆ ಬೇರಿಳಿಸುತ್ತದೆ. ಸುತ್ತ ಮರವೇ ಇಲ್ಲವಾದರೆ ಏಪ್ರಿಲ್ ಮತ್ತು ಡಿಸೆಂಬರ್ ಎರಡೇ ಸಾಕು. ತಾರಸಿ ಮೇಲೆ ಕುಂಡಗಳಿದ್ದರೆ ಮಾತ್ರ ಮರ ಇದ್ದವರ ಲೆಕ್ಕವೇ ನಿಮಗೂ, ಕುಂಡದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹರಿದುಹೋಗಿ ಪೈಪಿನ ಬೆಂಡಿನಲ್ಲಿ, ಅಂದರೆ ತಿರುವಿನಲ್ಲಿ, ಕೂರುತ್ತದೆ.

ಕ್ಲೀನ್ ಮಾಡುವಾಗ ಕಸ ಒಣಗಿರುವಾಗಲೇ ಗುಡಿಸಿ ಬುಟ್ಟಿಗೆ ತುಂಬಿ. ಹೋಸ್ ಹಿಡಿದು ಎಲೆಯನ್ನು ಪೈಪಿಗೆ ತಳ್ಳುವವರೇ ಜಾಸ್ತಿ. ಅದೆಲ್ಲ ಕೆಳಗಿನ ಬೆಂಡಿನಲ್ಲಿ ಕಟ್ಟುತ್ತದೆ. ಆಮೇಲೆ ಜಾಲಿ ಎತ್ತಿ, ಎರಡು ಬಕೆಟ್ ನೀರನ್ನು ಒಂದೇ ಸಲಕ್ಕೆ ಸುರಿಯಿರಿ, ಕೆಳಗೆ ಒಬ್ಬರು ನಿಂತು ನೋಡಲಿ. ಬಿದ್ದ ರಭಸದಲ್ಲೇ ಬಂದರೆ ಸರಿ. ಸಣ್ಣಗೆ ತುಂಬಾ ಹೊತ್ತು ಹರಿದರೆ ಕೆಳಗೆ ಕಟ್ಟಿದೆ ಅಂತಲೇ ಅರ್ಥ: ಡೋರ್ ಬೆಂಡಿನ (ಮುಚ್ಚಳ ಇರುವ ತಿರುವಿನ) ಮುಚ್ಚಳ ಬಿಚ್ಚಿ ಬಿದಿರಿನ ದಬ್ಬೆಯಿಂದ ಕೆಳಗಿನಿಂದ ಮೇಲಕ್ಕೆ ಬಿಡಿಸಿ. ಆಸಿಡ್ ಬೇಡ. ಜೋರು ಪ್ರೆಷರ್ ಕೂಡ ಬೇಡ, ಮಳೆನೀರಿನ ಪೈಪಿನ ಜಾಯಿಂಟನ್ನು ಎಷ್ಟೋ ಕಡೆ ಸಲ್ಯೂಷನ್ (ಪೈಪಿನ ಅಂಟು) ಹಚ್ಚದೆ ಬರೀ ತುರುಕಿರುತ್ತಾರೆ.

ಶೀಟಿನ ಮಾಡಿನ ಅಂಚಿಗೆ ನೀರು ಹಿಡಿಯುವ ತಗಡಿನ ದೋಣಿ ಇದ್ದರೆ ಅದಕ್ಕೂ ಇದೇ ಹೊತ್ತು. ಸಿಮೆಂಟ್ ಶೀಟಿನ ಮೇಲೆ ಮಾತ್ರ ಕಾಲಿಡಬೇಡಿ, ಏಣಿ ಹಾಕಿಕೊಂಡೇ ತೆಗೆಯಿರಿ.

ಮಳೆನೀರನ್ನು ನೆಲದಡಿಯ ಸಂಪ್ ತೊಟ್ಟಿಗೆ ಬಿಟ್ಟಿದ್ದರೆ ಫಿಲ್ಟರನ್ನೂ ಅದೇ ದಿನ ತೊಳೆದು, ವರ್ಷದ ಮೊದಲ ಮಳೆಯ ನೀರನ್ನು ವಾಲ್ವ್ ತಿರುಗಿಸಿ ಹೊರಗೆ ಬಿಡಿ. ಯುಜಿಡಿ (ಒಳಚರಂಡಿ) ಲೈನಿಗೆ ಸೇರಿಸಿದ್ದರೆ ದಯವಿಟ್ಟು ಈ ವರ್ಷವೇ ಬಿಡಿಸಿ, ಜೋರು ಮಳೆಗೆ ತಗ್ಗಿನ ಮನೆಯವರ ಬಚ್ಚಲಲ್ಲಿ ಉಕ್ಕುವುದು ಆ ನೀರೇ.

ಇನ್ನೊಂದು ಕೆಲಸ, ಗಾರೆಯವರು ಬಂದಾಗ ಮಾಡಿಸಿ. ತಾರಸಿ ನೆಲದಿಂದ ಎರಡು ಇಂಚು ಮೇಲೆ, ಬಾಗಿಲಿನ ಹೊಸಿಲಿಗಿಂತ ಕೆಳಗೆ, ಪ್ಯಾರಪೆಟ್ ಗೋಡೆಗೆ 3 ಇಂಚಿನ ಒಂದು ಪೈಪಿನ ತುಂಡು ಹಾಯಿಸಿ ರಸ್ತೆ ಕಡೆಗೆ ಬಿಡಿ. ನೀವು ಊರಲ್ಲಿ ಇಲ್ಲದಾಗ ಪೈಪು ಕಟ್ಟಿದರೂ ನೀರು ಅಲ್ಲಿಂದ ಬೀಳುತ್ತದೆ, ಎದುರು ಮನೆಯವರು ನೋಡಿ ಫೋನ್ ಮಾಡುತ್ತಾರೆ.