ಲಂಗರು ಹಾಕಿದ ದೋಣಿಯಲ್ಲಿ ದಿನವಿಡೀ ಏನು ಮಾಡ್ತೀರಿ, ಬೇಜಾರಾಗಲ್ವಾ?

ನೀವು ಕೇಳಿದ್ದು ಇಷ್ಟು: ಹಾಯಿದೋಣಿಯನ್ನೇ ಮನೆ ಮಾಡಿಕೊಂಡು, ಬಿಸಿಲಿನ ಕಡಲತೀರದಲ್ಲಿ ವಾರಗಟ್ಟಲೆ ಲಂಗರು ಹಾಕಿಕೊಂಡಿರುವವರು ದಿನವಿಡೀ ಏನು ಮಾಡುತ್ತಾರೆ, ಬೇಜಾರಾಗುವುದಿಲ್ಲವೇ?

ನಾನು, ನನ್ನ ಹೆಂಡತಿ ನಾಲ್ಕು ವರ್ಷದಿಂದ 12 ಮೀಟರ್ ಉದ್ದದ ದೋಣಿಯಲ್ಲಿದ್ದೇವೆ. ಬೇಜಾರಾಗುವುದಕ್ಕೂ ಪುರುಸೊತ್ತು ಬೇಕಲ್ವಾ? ದಡದ ಮನೆಯಲ್ಲಿ ನೀರು, ಕರೆಂಟು, ಚರಂಡಿ ಇವನ್ನೆಲ್ಲ ಬೇರೆ ಯಾರೋ ನೋಡಿಕೊಳ್ಳುತ್ತಾರೆ. ಇಲ್ಲಿ ಆ ಮೂರು ಇಲಾಖೆಗಳೂ ನಾವೇ. ಸಾಲದ್ದಕ್ಕೆ, ರಾತ್ರಿ ಮಲಗುವಾಗ ಇದ್ದ ಜಾಗದಲ್ಲೇ ಬೆಳಗ್ಗೆಯೂ ಮನೆ ಇರುತ್ತದೆ ಅನ್ನುವ ಗ್ಯಾರಂಟಿಯಿಲ್ಲ.

ಹಾಗಾಗಿ ಎದ್ದ ತಕ್ಷಣ ಮಾಡುವ ಮೊದಲ ಕೆಲಸ, ತಲೆ ಹೊರಗೆ ಹಾಕಿ ದಡ ನೋಡುವುದು. ದಡದ ಒಂದು ಬಂಡೆ, ಅದರ ಹಿಂದೆ ಒಂದು ದೊಡ್ಡ ಮರ, ಎರಡೂ ಒಂದೇ ಗೆರೆಯಲ್ಲಿ ಕಾಣುವ ಹಾಗೆ ಮೊದಲೇ ಗುರುತು ಇಟ್ಟುಕೊಂಡಿರುತ್ತೇನೆ. ಗಾಳಿ ತಿರುಗದೆ ಆ ಗೆರೆ ತಪ್ಪಿದೆ ಅಂದರೆ ಲಂಗರು ಜಾರಿದೆ ಅಂತ ಅರ್ಥ. ಫೋನಿನಲ್ಲಿ ಅಲಾರ್ಮ್ ಇದೆ, ದೋಣಿ ನಾವು ಗೊತ್ತುಮಾಡಿದ ಜಾಗ ಬಿಟ್ಟು ಹೋದರೆ ಕೂಗುತ್ತದೆ, ಆದರೂ ಕಣ್ಣಿನ ಮೇಲೇ ನನಗೆ ನಂಬಿಕೆ ಜಾಸ್ತಿ.

ಹೊಸಬರು ಲಂಗರು ಅಂದರೆ ಭಾರದ ಕಬ್ಬಿಣ, ಅದರ ತೂಕಕ್ಕೆ ದೋಣಿ ನಿಲ್ಲುತ್ತದೆ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಅದು ನೇಗಿಲಿನ ಹಾಗೆ ಮಣ್ಣಿಗೆ ಕಚ್ಚಿಕೊಂಡು ಹಿಡಿಯಬೇಕು. ಕಚ್ಚಬೇಕಾದರೆ ಎಳೆತ ನೆಲಕ್ಕೆ ಸಮನಾಗಿ ಇರಬೇಕು, ಮೇಲಕ್ಕೆ ಎತ್ತುವ ಹಾಗೆ ಇರಬಾರದು. ಅದಕ್ಕೇ ಉದ್ದ ಸರಪಳಿ. ಭರತದ ಹೊತ್ತಿಗೆ ನೀರಿನ ಆಳ 6 ಮೀಟರ್, ನೀರಿನಿಂದ ದೋಣಿಯ ಮೂತಿ 1 ಮೀಟರ್ ಎತ್ತರ, ಒಟ್ಟು 7. ಅದರ ಐದು ಪಟ್ಟು, ಅಂದರೆ 35 ಮೀಟರ್ ಬಿಡುತ್ತೇವೆ. ಗಾಳಿ ಜೋರಾಗುವ ಸೂಚನೆ ಇದ್ದರೆ ಏಳು ಪಟ್ಟು, 49 ಮೀಟರ್. ಆಮೇಲೆ ಎಂಜಿನ್ ಹಿಮ್ಮುಖ ಓಡಿಸಿ ಚೆನ್ನಾಗಿ ಎಳೆದು, ಈಜುವ ಕನ್ನಡಕ ಹಾಕಿಕೊಂಡು ನೀರಿಗೆ ಇಳಿದು ಲಂಗರು ಮರಳಿಗೆ ಹೂತಿದೆಯಾ ಅಂತ ನೋಡಿ ಬರಬೇಕು. ಈ ಕೊನೆಯ ಕೆಲಸದಲ್ಲಿ ಒಮ್ಮೆ ಸೋಮಾರಿತನ ಮಾಡಿದ್ದೆ. ಆ ಕಥೆ ಆಮೇಲೆ.

ದಡ ನೋಡಿದ ಮೇಲೆ ಬ್ಯಾಟರಿ ಮೀಟರು. ಬಿಸಿಲ ಸೀಮೆಯಲ್ಲಿ ದೋಣಿಯ ಕರೆಂಟು ತಿನ್ನುವ ರಾಕ್ಷಸ ಅಂದರೆ ಫ್ರಿಜ್. ದೀಪ, ಫೋನು, ಫ್ಯಾನು ಎಲ್ಲ ಅದರ ಮುಂದೆ ಲೆಕ್ಕಕ್ಕಿಲ್ಲ. ನಮ್ಮದು 12 ವೋಲ್ಟಿನದು, ಓಡುವಾಗ 5 ಆಂಪಿಯರ್ ಎಳೆಯುತ್ತದೆ, ಈ ಸೆಕೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ. ಅಂದರೆ ದಿನಕ್ಕೆ 60 ಆಂಪಿಯರ್ ಅವರ್ ಅದೊಂದಕ್ಕೇ ಹೋಯಿತು. ನಮ್ಮದು ಹಳೇ ಸೀಸದ ಬ್ಯಾಟರಿಗಳು, ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತವೆ. ಹಾಗಾಗಿ ಮೋಡ ಕವಿದ ಮೂರನೇ ದಿನ ನಮ್ಮಿಬ್ಬರ ಮುಖವೂ ಮೋಡ ಕವಿದ ಹಾಗೇ ಇರುತ್ತದೆ. ಸೋಲಾರ್ ಪ್ಯಾನೆಲ್ ಮೇಲೆ ಹಾಯಿಕಂಬದ ನೆರಳು ಒಂದು ಪಟ್ಟಿಯಷ್ಟು ಬಿದ್ದರೂ ಉತ್ಪಾದನೆ ಧಡಕ್ಕನೆ ಕುಸಿಯುತ್ತದೆ. ದೋಣಿ ಗಾಳಿಗೆ ತಿರುಗುತ್ತಲೇ ಇರುವುದರಿಂದ ನೆರಳೂ ತಿರುಗುತ್ತದೆ, ನಾವು ಅದರ ಹಿಂದೆ ತಿರುಗುತ್ತೇವೆ.

ನೀರಿನ ಲೆಕ್ಕ ಸುಲಭ. ಟ್ಯಾಂಕಿನಲ್ಲಿ 400 ಲೀಟರ್. ಒಬ್ಬರಿಗೆ ದಿನಕ್ಕೆ 10 ಲೀಟರ್ ಅಂದರೆ ಇಬ್ಬರಿಗೆ 20 ದಿನ. ಕುಡಿಯುವುದು, ಅಡುಗೆ, ಸ್ನಾನ ಎಲ್ಲ ಸೇರಿ! ಸಮುದ್ರಕ್ಕೆ ಹಾರಿ ಮುಳುಗು ಹಾಕುವುದೇ ಸ್ನಾನ, ಆಮೇಲೆ ಒಂದೆರಡು ಲೀಟರ್ ಸಿಹಿನೀರು ಮೈಮೇಲೆ. ಪಾತ್ರೆಯನ್ನು ಉಪ್ಪುನೀರಲ್ಲಿ ತೊಳೆದು ಕೊನೆಗೆ ಸಿಹಿನೀರಲ್ಲಿ ಜಾಲಿಸುತ್ತೇವೆ. ಬಟ್ಟೆಗೆ ಮಾತ್ರ ಈ ಉಪಾಯ ಬೇಡ. ಉಪ್ಪು ಉಳಿದ ಬಟ್ಟೆ ಗಾಳಿಯ ತೇವ ಹೀರಿಕೊಂಡು ಯಾವತ್ತೂ ಪೂರ್ತಿ ಒಣಗುವುದಿಲ್ಲ, ದಿಂಬಿನ ಕವರ್ ಆದರಂತೂ ಒದ್ದೆ ಹಪ್ಪಳದ ಮೇಲೆ ಮಲಗಿದ ಹಾಗೆ. ಮಳೆ ಬಂದರೆ ಹಬ್ಬ, ಬಿಸಿಲಿಗೆ ಕಟ್ಟಿದ ಚಪ್ಪರದ ಬಟ್ಟೆಯನ್ನೇ ಇಳಿಜಾರು ಮಾಡಿ ಟ್ಯಾಂಕಿಗೆ ಪೈಪು ಬಿಡುತ್ತೇವೆ. ಆದರೆ ಅದೇ ಮಳೆ ಬಂದಾಗ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಒಳಗೆ ಉಗಿ ಹಿಡಿದ ಕುಕ್ಕರ್. ರಾತ್ರಿ ಮೂರು ಸಲ ತೆಗೆದು ಮುಚ್ಚಿ ಮಾಡಿದ ಮೇಲೆ ಯಾರಿಗೂ ಸೂರ್ಯೋದಯದ ಫೋಟೋ ತೆಗೆಯುವ ಮನಸ್ಸಿರುವುದಿಲ್ಲ.

ಇನ್ನು ಕಕ್ಕಸಿನ ವಿಷಯ, ಯಾರೂ ವಿಡಿಯೋ ಮಾಡದ ವಿಷಯ. ಕೈಪಂಪಿನಲ್ಲಿ ಸಮುದ್ರದ ನೀರು ಎಳೆದು ಫ್ಲಶ್ ಮಾಡುತ್ತೇವೆ. ಮೂತ್ರವೂ ಉಪ್ಪುನೀರೂ ಸೇರಿ ಪೈಪಿನ ಒಳಗೆ ಸುಣ್ಣದ ಹಾಗೆ ಗಟ್ಟಿ ಪದರ ಕಟ್ಟುತ್ತದೆ, ವರ್ಷ ಕಳೆದ ಹಾಗೆ ತೂತು ಚಿಕ್ಕದಾಗುತ್ತಾ ಬರುತ್ತದೆ. ಆಗಾಗ ವಿನಿಗರ್ ಹಾಕಿ ಬಿಟ್ಟರೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಒಂದು ದಿನ ಪೈಪು ಬಿಚ್ಚಿ ಡೆಕ್ಕಿನ ಮೇಲೆ ಬಡಿದು ಉದುರಿಸಲೇಬೇಕು. ನಮ್ಮ ಮದುವೆಯ ಅತಿ ದೊಡ್ಡ ಜಗಳಗಳೆಲ್ಲ ಆ ಪೈಪಿನ ಅಕ್ಕಪಕ್ಕದಲ್ಲೇ ನಡೆದಿವೆ.

ಹೀಗೆ ಮಧ್ಯಾಹ್ನ ಆಗುತ್ತದೆ. ವಾರಕ್ಕೆ ಎರಡು ಸಲ ಡಿಂಗಿ, ಅಂದರೆ ದಡಕ್ಕೆ ಓಡಾಡುವ ಪುಟ್ಟ ದೋಣಿ, ಹತ್ತಿ ದಡಕ್ಕೆ ಹೋಗಿ ಸಾಮಾನು ತರುವುದು. ರಟ್ಟಿನ ಪೆಟ್ಟಿಗೆಗಳನ್ನು ಮಾತ್ರ ದೋಣಿಯೊಳಗೆ ತರುವುದಿಲ್ಲ, ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಬರುತ್ತದೆ. ಬೆಚ್ಚನೆ ನೀರಲ್ಲಿ ನಿಂತ ದೋಣಿಯ ತಳಕ್ಕೆ ಪಾಚಿ, ಚಿಪ್ಪು ಬೇಗ ಹತ್ತುತ್ತವೆ, ಉಸಿರು ಬಿಗಿ ಹಿಡಿದು ಪ್ರೊಪೆಲ್ಲರ್ ಕೆರೆಯುವುದೂ ಇದೆ. ನಾಲ್ಕು ಗಂಟೆಯಿಂದ ಸಂಜೆಯವರೆಗೆ ಮಾತ್ರ ನೀವು ಅಂದುಕೊಂಡಿರುವ ಜೀವನ: ಪುಸ್ತಕ, ಈಜು, ಪಕ್ಕದ ದೋಣಿಯವರ ಜೊತೆ ಸುಮ್ನೆ ಹರಟೆ. ಕತ್ತಲಾಗುವ ಮುಂಚೆ ಕಂಬದ ತುದಿಯಲ್ಲಿ ಸುತ್ತಲೂ ಕಾಣುವ ಬಿಳಿ ದೀಪ ಹಾಕಬೇಕು, ಡಿಂಗಿ ಮೇಲೆತ್ತಬೇಕು.

ರಾತ್ರಿ ನಿಶ್ಶಬ್ದ ಅಂದುಕೊಂಡಿರುತ್ತೀರಿ. ಮೊದಲ ರಾತ್ರಿ ದೋಣಿಯ ತಳದಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಕೇಳಿ, ತಳ ಬಿರುಕು ಬಿಡುತ್ತಿದೆ ಅಂತ ಟಾರ್ಚ್ ಹಿಡಿದು ಹುಡುಕಾಡಿದ್ದೆ. ಅದು ಒಂದು ಜಾತಿಯ ಸಿಗಡಿ. ಕೊಂಡಿಯನ್ನು ಎಷ್ಟು ರಭಸದಿಂದ ಮುಚ್ಚುತ್ತದೆ ಅಂದರೆ ನೀರಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ನಮಗೆ ಕೇಳುವುದು ಆ ಸದ್ದು. ಈಗ ಅದು ಕೇಳದಿದ್ದರೆ ನಿದ್ದೆ ಬರುವುದಿಲ್ಲ.

ಸೋಮಾರಿತನದ ಕಥೆ ಬಾಕಿ ಇತ್ತಲ್ಲ. ಅವತ್ತು ನೀರು ಕೆಸರಾಗಿತ್ತು, ಲಂಗರು ನೋಡಲು ಇಳಿಯಲಿಲ್ಲ. ರಾತ್ರಿ ಎರಡು ಗಂಟೆಗೆ ಗಾಳಿಮಳೆ ಎದುರು ದಿಕ್ಕಿನಿಂದ ಬಂತು. ಅಲಾರ್ಮ್ ಕೂಗುವಷ್ಟರಲ್ಲಿ ಹಿಂದಿನ ದೋಣಿಯ ದೀಪ ನಮ್ಮ ಅಡುಗೆಮನೆಯ ಕಿಟಕಿಯಲ್ಲಿತ್ತು. ಹೆಂಡತಿ ಎಂಜಿನ್ ಹಾಕಿದಳು, ನಾನು ಮುಂದೆ ಹೋಗಿ ಸರಪಳಿ ಎತ್ತಿದೆ, ಮಾತು ಕೇಳಿಸದೆ ಟಾರ್ಚಿನಲ್ಲೇ ಸನ್ನೆ. ಲಂಗರು ಮೇಲೆ ಬಂದಾಗ ಅದರ ಮೂತಿಗೆ ಒಂದು ಬುಟ್ಟಿಯಷ್ಟು ಕಡಲಹುಲ್ಲು. ಅದು ಮಣ್ಣಿಗೆ ಕಚ್ಚಿಯೇ ಇರಲಿಲ್ಲ, ಹುಲ್ಲಿನ ಮೇಲೆ ಕೂತಿತ್ತು ಅಷ್ಟೇ. ಹೊರಗೆ ಹೋಗಿ ಮತ್ತೆ ಹಾಕಿ ನಿಲ್ಲಿಸಲು ಒಂದೂವರೆ ಗಂಟೆ. ಬೆಳಗಿನವರೆಗೆ ಒದ್ದೆ ಬಟ್ಟೆಯಲ್ಲೇ ಟೀ ಕುಡಿಯುತ್ತಾ ಕೂತೆವು.

ನಡುವೆ ಕಕ್ಕಸಿಗೆ ಹೋದವನು ದೀಪ ಹಾಕಲಿಲ್ಲ. ಪಂಪ್ ಮಾಡಿದಾಗ ಬಟ್ಟಲಿನ ತುಂಬ ನೀಲಿ ಮಿಣುಕು ಸುತ್ತಿತು, ಸಮುದ್ರದ ನೀರಿನ ಜೊತೆ ಬರುವ ಮಿನುಗುವ ಸೂಕ್ಷ್ಮಜೀವಿಗಳು. ಹೆಂಡತಿಯನ್ನು ಕೂಗಿ ಕರೆದೆ. ಇಬ್ಬರೂ ಆ ಹೊತ್ತಿನಲ್ಲಿ ಕಕ್ಕಸಿನ ಮುಂದೆ ನಿಂತು ಸರದಿ ಮೇಲೆ ಪಂಪ್ ಹೊಡೆದೆವು.

ನೀವು ನಿಜವಾಗಿ ದೋಣಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರೆ, ಮೊದಲು ಗೊತ್ತಿರುವವರ ದೋಣಿಯಲ್ಲಿ ಒಂದು ವಾರ ಇದ್ದು ನೋಡಿ, ಅದೂ ಅಲೆ ಒಳಗೆ ಬರುವ, ದೋಣಿ ತೊಟ್ಟಿಲಾಡುವ ಜಾಗದಲ್ಲಿ. ಆಮೇಲೂ ಮನಸ್ಸಿದ್ದರೆ ಕಕ್ಕಸಿನ ಪಂಪಿನ ರಿಪೇರಿ ಕಿಟ್ ಒಂದಲ್ಲ, ಎರಡು ತಗೊಳ್ಳಿ.