ಮಗನನ್ನು ಹೊರಗೆ ಕೂರಿಸಿ, ಅಜ್ಜಿಯನ್ನು ಮಾತಾಡಿಸಿ

ಪ್ರಶ್ನೆ: ನಾನು ಬೈಲಕುಪ್ಪೆ ಹತ್ತಿರ ನರ್ಸ್. ಇಲ್ಲಿನ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಅಜ್ಜಿಯೊಬ್ಬರಿಗೆ ನಿದ್ದೆಯಿಲ್ಲ, ಎದೆ ಹಿಡಿದಂತಾಗುತ್ತದೆ. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್. ಮಗ ಎರಡು ಸಲ ಮನೋವೈದ್ಯರ ಹತ್ತಿರ ಕರೆದೊಯ್ದ. ಇನ್ನು ಬರೋಲ್ಲ ಅಂತಾರೆ. ಒಪ್ಪಿಸುವುದು ಹೇಗೆ?

ಉತ್ತರ: ಒಪ್ಪಿಸುವ ಮಾತು ಆಮೇಲೆ. ಅಲ್ಲಿ ಅಜ್ಜಿಯ ಮಾತನ್ನು ಡಾಕ್ಟರಿಗೆ ಹೇಳಿದ್ದು ಯಾರು? ಮಗನೇ ಅಲ್ವಾ? ಇಂಥ ಪತ್ರಗಳು ಬರುತ್ತಲೇ ಇವೆ, ಎಲ್ಲದರಲ್ಲೂ ಇದೇ ಕಥೆ. ‘ಕೆಟ್ಟ ಕನಸು ಬೀಳುತ್ತಾ?’ ಅಂತ ಡಾಕ್ಟರ್ ಕೇಳುತ್ತಾರೆ. ಅಜ್ಜಿ ತಲೆ ತಗ್ಗಿಸಿ ಎರಡು ನಿಮಿಷ ಮಾತಾಡುತ್ತಾರೆ. ಮಗ ‘ಏನಿಲ್ಲವಂತೆ’ ಅಂತ ಮುಗಿಸುತ್ತಾನೆ. ಅವನಿಗೆ ಹೇಳಲು ಸಂಕಟ, ಅವರಿಗೆ ಅವನೆದುರು ಬಾಯಿಬಿಡಲು ಸಂಕೋಚ. 1959ರಿಂದೀಚೆಗೆ ಟಿಬೆಟಿನಿಂದ ಗಡಿ ದಾಟಿ ಬಂದವರಲ್ಲಿ ದಾರಿಯಲ್ಲೇ ಮನೆಯವರನ್ನು ಕಳೆದುಕೊಂಡವರಿದ್ದಾರೆ, ಜೈಲಲ್ಲಿದ್ದು ಬಂದವರಿದ್ದಾರೆ. ಅದನ್ನೆಲ್ಲ ಹೆತ್ತ ಮಗನ ಬಾಯಲ್ಲಿ ಹೇಳಿಸುವುದು ಇಬ್ಬರಿಗೂ ಹಿಂಸೆ.

ಮನೆಯವರಲ್ಲದ, ಆದಷ್ಟೂ ಹೆಂಗಸೊಬ್ಬರನ್ನು ದುಭಾಷಿಯಾಗಿ ಹುಡುಕಿ. ಅದೇ ಕ್ಯಾಂಪಿನವರು ಬೇಡ, ಸುದ್ದಿ ಹಬ್ಬೀತು ಅನ್ನುವ ಭಯ ಇದ್ದೇ ಇರುತ್ತದೆ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನವರೊಬ್ಬರು ಫೋನಿನಲ್ಲಿ ಮಾತಾಡಿದರೂ ಆದೀತು. ಕೇಳಿದ್ದನ್ನು ಎಲ್ಲೂ ಆಡೋಲ್ಲ ಅಂತ ಅಜ್ಜಿಗೇ ನೇರವಾಗಿ ಹೇಳಲಿ. ಮೊದಲ ದಿನವೇ ಹಳೆಯದನ್ನೆಲ್ಲ ಕೆದಕಬೇಡಿ. ನಿದ್ದೆ, ಊಟ, ಎದೆನೋವಿನಿಂದ ಶುರು ಮಾಡಿ. ಟಿಬೆಟನ್ ಔಷಧಿ ತಗೊಳ್ಳುತ್ತಿದ್ದರೆ ಬೈಯಬೇಡಿ. ಬೈದರೆ ಮುಚ್ಚಿಡುತ್ತಾರೆ, ಆಮೇಲೆ ಯಾವ ಔಷಧಿಯಿಂದ ಏನಾಯಿತು ಅಂತ ಯಾರಿಗೂ ತಿಳಿಯೋಲ್ಲ. ನಾನಂತೂ ಎರಡೂ ಔಷಧಿ ನೋಡದೆ ಚೀಟಿ ಬರೆಯುವುದಿಲ್ಲ.

ಬದುಕೋದು ಸಾಕು ಅಂತ ಅಜ್ಜಿ ಅಂದರೆ ಇದ್ಯಾವುದಕ್ಕೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಿರಾಶ್ರಿತರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಸಿಗುತ್ತಾ?

ಉತ್ತರ: ಸಿಗಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಈ ಹಕ್ಕನ್ನು ಪ್ರತಿಯೊಬ್ಬ ವ್ಯಕ್ತಿಗೂ ಕೊಟ್ಟಿದೆ. ಕೌಂಟರಿನಲ್ಲಿ ವಾಪಸ್ ಕಳಿಸಿದರೆ ಕಾರಣ ಬರೆದು ಕೊಡಿ ಅಂತ ಕೇಳಿ.

ಪ್ರಶ್ನೆ: ದಿನಾ ಧ್ಯಾನ ಮಾಡುವ ಬೌದ್ಧರಿಗೂ ಖಿನ್ನತೆ ಬರುತ್ತಾ?

ಉತ್ತರ: ಬರುತ್ತೆ, ಭಿಕ್ಷುಗಳಿಗೂ ಬರುತ್ತೆ. ಹೀಗೆ ಕೇಳುವವರಿಗೆ ಹೆದರಿಯೇ ಎಷ್ಟೋ ಜನ ಸುಮ್ನೆ ನರಳುತ್ತಾರೆ.

ಪ್ರಶ್ನೆ: ಒಂದೇ ಸಿಟ್ಟಿಂಗಲ್ಲಿ ಹಳೇ ನೆನಪು ಅಳಿಸ್ತೀನಿ ಅಂತ ಒಬ್ಬರು ಹಿಪ್ನಾಟಿಸಂ ಮಾಡ್ತಾರಂತೆ. ಕಳಿಸಬಹುದಾ?

ಉತ್ತರ: ಬೇಡ. ನೆನಪು ಅಳಿಸುವ ಚಿಕಿತ್ಸೆ ಅಂತ ಒಂದಿಲ್ಲ. ಇಂಥವರು ಗಾಯ ಕೆದಕಿ ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಆ ರಾತ್ರಿ ರೋಗಿಯ ಪಕ್ಕದಲ್ಲಿ ಎದ್ದು ಕೂರಬೇಕಾದವರು ಮನೆಯವರು. ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಇಸ್ಕೊಳ್ಳಿ.