ಇಪ್ಪತ್ತೇಳು ಜಾಗ ಯಾಕೆ ಅಕ್ಕೋರೇ?

(ಹಾವೇರಿಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ಜುಲೈ ಎರಡನೇ ವಾರ ನಮ್ಮ ಯಜಮಾನರು, ನನ್ನ ತಂಗಿ, ನಾನು ನಾಲ್ಕು ದಿನಕ್ಕೆ ಮುಂಬೈಗೆ ಬರುವವರಿದ್ದೇವೆ. ಅಳಿಯಂದಿರು 27 ಜಾಗಗಳ ಪಟ್ಟಿ ಮಾಡಿಕೊಟ್ಟಿದ್ದಾರೆ. ಅಂಧೇರಿಯಲ್ಲಿ ಲಾಡ್ಜ್ ಅಗ್ಗವಂತೆ. ದಿನಪೂರ್ತಿ ಕಾರು ಮಾಡಿಕೊಳ್ಳೋಣವೇ? ಲೋಕಲ್ ರೈಲು ವಯಸ್ಸಾದವರಿಗೆ ಆಗೋದಲ್ಲ ಅಂತ ಎಲ್ಲರೂ ಹೆದರಿಸುತ್ತಾರೆ. ತಂಗಿಗೆ ಮಂಡಿನೋವು. ಡೊಂಬಿವಲಿಯ ನೆಂಟರ ಮನೆಗೂ ಒಂದು ದಿನ ಹೋಗಬೇಕು. ದಾರಿ ಹೇಳಿ.")

ಅಕ್ಕೋರೇ, ನಮಸ್ಕಾರ.

ಅಳಿಯಂದಿರ ಪಟ್ಟಿ ನೋಡಿದೆ. ಬೆಳಿಗ್ಗೆ ಕಾನ್ಹೇರಿ ಗುಹೆ, ಮಧ್ಯಾಹ್ನ ಗೇಟ್‌ವೇ, ಸಂಜೆ ಜುಹೂ ಬೀಚು. ನಡುವೆ ಒಬ್ಬ ಸಿನಿಮಾ ನಟರ ಮನೆಯ ಗೇಟು ಬೇರೆ! ಫೋನಿನಲ್ಲಿ ಎಲ್ಲವೂ ಗೇಣುದ್ದದೊಳಗೆ ಕಾಣುತ್ತವೆ, ಅವರದ್ದೂ ತಪ್ಪಿಲ್ಲ. ಆದರೆ ಮುಂಬೈ ಅಗಲಕ್ಕೆ ಬೆಳೆದ ಊರಲ್ಲ, ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೆ ಚಾಚಿಕೊಂಡ ಊರು. ಚರ್ಚ್‌ಗೇಟ್‌ನಿಂದ ವಿರಾರ್‌ವರೆಗೆ ಲೋಕಲ್ ಹಳಿಯೇ ಸುಮಾರು 60 ಕಿ.ಮೀ. ಕಾನ್ಹೇರಿ ಇರುವುದು ಬೋರಿವಲಿ ಕಡೆ, ಗೇಟ್‌ವೇ ಇರುವುದು ದಕ್ಷಿಣದ ತುದಿಯಲ್ಲಿ. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ನೀವು ನೋಡುವುದು ಮುಂದಿನ ಗಾಡಿಯ ಹಿಂಬದಿಯನ್ನಷ್ಟೇ. ದಿನಕ್ಕೊಂದು ಏರಿಯಾ ಸಾಕು. ಕಾನ್ಹೇರಿಯನ್ನು ಈ ಸಲ ಬಿಟ್ಟುಬಿಡಿ. ನಟರ ಮನೆಯ ಗೇಟನ್ನು ಯಾವ ಸಲವೂ ನೋಡಬೇಕಿಲ್ಲ.

ಇನ್ನೊಂದು ಮಾತು. ಜುಲೈಯಲ್ಲಿ ಬರಲೇಬೇಕಾ? ಮಳೆಗಾಲದ ಮುಂಬೈ ನೋಡಲು ಚೆಂದ, ಓಡಾಡಲು ಕಷ್ಟ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದಿತ್ತು. ಪ್ರತಿ ವರ್ಷ ಅಷ್ಟು ಬರುವುದಿಲ್ಲ, ನಿಜ. ಆದರೆ ಜೋರು ಮಳೆಯೂ ಸಮುದ್ರದ ಭರತವೂ ಒಂದೇ ಹೊತ್ತಿಗೆ ಬಂದರೆ ನೀರು ಹೊರಗೆ ಹರಿಯಲು ದಾರಿ ಇರುವುದಿಲ್ಲ. ಹಳಿ ಮುಳುಗುತ್ತದೆ, ರೈಲು ನಿಲ್ಲುತ್ತದೆ. ಟಿಕೆಟ್ ಇನ್ನೂ ಮಾಡಿಸಿಲ್ಲವಾದರೆ ಡಿಸೆಂಬರಿಗೋ ಜನವರಿಗೋ ಹಾಕಿಕೊಳ್ಳಿ. ತಂಗಿಯವರ ಮಂಡಿಗೂ ಅದೇ ವಾಸಿ.

ಅಂಧೇರಿಯ ಲಾಡ್ಜ್ ಬೇಡ. ಯಾಕೆಂದು ಹೇಳುತ್ತೇನೆ. ಬೆಳಿಗ್ಗೆ ಈ ಊರಿನ ಜನವೆಲ್ಲ ದಕ್ಷಿಣದ ಕಡೆ ಹೊರಡುತ್ತಾರೆ, ಸಂಜೆ ಉತ್ತರಕ್ಕೆ ವಾಪಸ್ಸಾಗುತ್ತಾರೆ. ಅಂಧೇರಿಯಲ್ಲಿ ಉಳಿದರೆ ಎರಡು ಹೊತ್ತೂ ನೀವು ಅದೇ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ದಾದರ್ ಅಥವಾ ಮಾಟುಂಗಾದಲ್ಲಿ ರೂಮು ಹುಡುಕಿ. ಬಾಡಿಗೆ ಸ್ವಲ್ಪ ಜಾಸ್ತಿ ಆದೀತು, ಆದರೆ ಹೋಗಬೇಕಾದ ಜಾಗಗಳೆಲ್ಲ ಹತ್ತಿರವಾಗುತ್ತವೆ. ಹುಬ್ಬಳ್ಳಿ ಕಡೆಯಿಂದ ಬರುವ ಚಾಲುಕ್ಯ, ಶರಾವತಿ ಎರಡೂ ಗಾಡಿಗಳ ಕೊನೆಯ ನಿಲ್ದಾಣ ದಾದರೇ. ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನುಗಳು ಸೇರುವುದೂ ಅಲ್ಲೇ. ಮೊದಲು ಎರಡು ಲೈನಿಗೂ ಬೇರೆ ಬೇರೆ ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಇತ್ತು, ಹೊಸಬರು ತಪ್ಪು ಕಡೆಗೆ ಓಡುತ್ತಿದ್ದರು. 2023ರ ಡಿಸೆಂಬರಿನಿಂದ 1ರಿಂದ 14ರವರೆಗೆ ಒಂದೇ ಸಾಲು ನಂಬರು: 7ರವರೆಗೆ ವೆಸ್ಟರ್ನ್, 8ರಿಂದ ಸೆಂಟ್ರಲ್.

ಈಗ ಲೋಕಲ್ ವಿಷಯ. ಹೆದರಿಸುವವರು ಬೆಳಗಿನ ಒಂಬತ್ತು ಗಂಟೆಯ ರೈಲಿನ ಬಗ್ಗೆ ಹೇಳುತ್ತಿದ್ದಾರೆ. ನೀವು ಅದನ್ನು ಹತ್ತಬೇಡಿ. ಹನ್ನೊಂದರಿಂದ ನಾಲ್ಕರವರೆಗೆ ಅದೇ ರೈಲಿನಲ್ಲಿ ಕೂರಲು ಸೀಟೂ ಸಿಗುತ್ತದೆ. ಪ್ಲಾಟ್‌ಫಾರ್ಮ್ ಮೇಲೆ ತೂಗುಹಾಕಿದ ಬೋರ್ಡಿನಲ್ಲಿ, ಅಂದರೆ ಇಂಡಿಕೇಟರ್‌ನಲ್ಲಿ, ಎಫ್ ಎಂದಿದ್ದರೆ ಫಾಸ್ಟ್, ಎಸ್ ಎಂದಿದ್ದರೆ ಸ್ಲೋ. ನೀವು ಸ್ಲೋ ಹತ್ತಿ. ದಾದರ್‌ನಿಂದ ದಕ್ಷಿಣಕ್ಕೆ ಕೆಲವೇ ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವುದರಿಂದ ಇಳಿಯುವುದು ತಪ್ಪಿಹೋಗುವ ಭಯವಿಲ್ಲ. ಓರೆ ಪಟ್ಟೆ ಬಳಿದ ಬೋಗಿ ಫಸ್ಟ್ ಕ್ಲಾಸು. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಅದನ್ನು ಹತ್ತಿದರೆ ದಂಡ.

ನೀವೂ ತಂಗಿಯೂ ಲೇಡೀಸ್ ಡಬ್ಬಿಗೆ ಹೋಗಿ, ಬೋಗಿಯ ಮೇಲೆ ಹೆಂಗಸಿನ ಚಿತ್ರ ಇರುತ್ತದೆ. ಯಜಮಾನರು ಜನರಲ್ ಡಬ್ಬಿಗೆ. ಹತ್ತುವ ಮುಂಚೆಯೇ ಯಾವ ಸ್ಟೇಷನ್, ಇಳಿದ ಮೇಲೆ ಎಲ್ಲಿ ನಿಲ್ಲಬೇಕು ಅಂತ ಮಾತಾಡಿಕೊಳ್ಳಿ. ಇಂಡಿಕೇಟರ್ ಕೆಳಗೆ ಎಂದರೆ ಸಾಕು. ಲೇಡೀಸ್ ಡಬ್ಬಿಯಲ್ಲಿ ಕ್ಲಿಪ್ಪು, ಕಿವಿಯೋಲೆ, ಟಿಕಲಿ ಪಾಕೀಟುಗಳನ್ನೆಲ್ಲ ತಂತಿಗೆ ತೂಗುಹಾಕಿಕೊಂಡು ಮಾರುವವರು ಬರುತ್ತಾರೆ. ನಿಮ್ಮ ತಂಗಿಯವರ ಅರ್ಧ ಶಾಪಿಂಗ್ ಅಲ್ಲೇ ಮುಗಿದೀತು. ಮೂವರ ಸೀಟಿನಲ್ಲಿ ನಾಲ್ಕನೆಯವರು ಬಂದು "ಥೋಡಾ ಸರಕೋ" ಎಂದರೆ ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಅದು ಹಕ್ಕು. ನಿಮ್ಮ ಸ್ಟೇಷನ್ ಬರುವುದಕ್ಕೆ ಒಂದು ಸ್ಟೇಷನ್ ಮುಂಚೆ ಎದ್ದು, ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿ. ಹೇಳದೇ ಇರುವವರನ್ನು ನಾನು ಕಂಡಿಲ್ಲ.

ದಿನಪೂರ್ತಿ ಕಾರು ದಂಡ. ಚಿಕ್ಕ ದೂರಕ್ಕೆ ಕಪ್ಪು-ಹಳದಿ ಟ್ಯಾಕ್ಸಿ ಹಿಡಿಯಿರಿ, ಮೀಟರ್ ಮೇಲೆ ಬರುತ್ತಾರೆ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೋ ಬಿಡುವುದಿಲ್ಲ, ಅಲ್ಲಿ ಆಟೋ ಹುಡುಕುತ್ತಾ ನಿಲ್ಲಬೇಡಿ.

ಮೊದಲ ದಿನ ಕೋಟೆ ಭಾಗ, ಅಂದರೆ ಫೋರ್ಟ್. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದು ರಸ್ತೆ ದಾಟಿ, ಎದುರಿನಿಂದ ಆ ಕಟ್ಟಡವನ್ನು ನೋಡಿ. ಒಳಗೆ ನಿಂತರೆ ಅದು ಬರೀ ಸ್ಟೇಷನ್. 2004ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದ ಡಿ.ಎನ್. ರಸ್ತೆಯ ಕಮಾನುಗಳ ನೆರಳಿನಲ್ಲೇ ಫ್ಲೋರಾ ಫೌಂಟನ್‌ವರೆಗೆ ನಡೆಯಬಹುದು. ಮುಂದೆ ಓವಲ್ ಮೈದಾನ. ಇದು ನನಗೆ ಈ ಊರಿನಲ್ಲೇ ಹೆಚ್ಚು ಇಷ್ಟದ ಜಾಗ, ಅಳಿಯಂದಿರ ಪಟ್ಟಿಯಲ್ಲಿ ಇದೇ ಇಲ್ಲ! ಮೈದಾನದ ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ, ಎಲ್ಲ ಕಲ್ಲಿನ ಚೂಪು ಚೂಪು ಕಟ್ಟಡ. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಮನೆಗಳ ಸಾಲು, ಬಾಲ್ಕನಿಗಳೆಲ್ಲ ದುಂಡಗೆ ನುಣುಪಾಗಿ. ಎರಡು ಕಾಲ ಎದುರುಬದುರು ನಿಂತಿವೆ, ನಡುವೆ ಹುಡುಗರ ಹತ್ತಾರು ಕ್ರಿಕೆಟ್ ಆಟ. ಯಾವ ಚೆಂಡು ಯಾರದ್ದು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೋ! 2018ರಲ್ಲಿ ಈ ಎರಡೂ ಸಾಲುಗಳನ್ನು ಸೇರಿಸಿಯೇ ಯುನೆಸ್ಕೋ ಮಾನ್ಯತೆ ಕೊಟ್ಟಿತು. ಅಲ್ಲಿಂದ ಮರೀನ್ ಡ್ರೈವ್ ಹತ್ತಿರ. ಐದೂವರೆಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಡಿ. ಆಫೀಸು ಬಿಟ್ಟವರ ಗದ್ದಲ ಇಳಿದ ಮೇಲೆ ಎಂಟಕ್ಕೋ ಎಂಟೂವರೆಗೋ ರೈಲು ಹತ್ತಿ.

ಎರಡನೇ ದಿನ ಎಲಿಫೆಂಟಾ ದ್ವೀಪದ ಗುಹೆಗಳು. ಸೋಮವಾರ ರಜೆ, ನೆನಪಿಡಿ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. ಆಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು. ತಂಗಿಯವರಿಗೆ ಕಷ್ಟ ಅನ್ನಿಸಿದರೆ ಹೊತ್ತುಕೊಂಡು ಹೋಗುವ ಡೋಲಿ ಇದೆ, ದರ ಮೊದಲೇ ಮಾತಾಡಿಕೊಳ್ಳಿ. ಪಾಠ ಹೇಳಿದವರು ನೀವು, ಐಹೊಳೆ ಶಾಸನ ನಿಮಗೆ ಗೊತ್ತೇ ಇದೆ. ಅದರಲ್ಲಿ ಇಮ್ಮಡಿ ಪುಲಕೇಶಿ ಪಡುವಣ ಕಡಲಿನ ಪುರಿಯನ್ನು ಗೆದ್ದ ಮಾತು ಬರುತ್ತದಲ್ವಾ? ಆ ಪುರಿ ಇದೇ ಎಲಿಫೆಂಟಾ, ಅಂದರೆ ಘಾರಾಪುರಿ ದ್ವೀಪ ಎನ್ನುವ ವಿದ್ವಾಂಸರಿದ್ದಾರೆ. ಆ ನೆನಪಿಟ್ಟುಕೊಂಡು ಮೂರು ಮುಖದ ಶಿವನ ಮುಂದೆ ನಿಲ್ಲಿ.

ಮೂರನೇ ದಿನ ಮಾಟುಂಗಾದಲ್ಲಿ ಸುಮ್ನೆ ಅಡ್ಡಾಡಿ. ಹೂವಿನ ಅಂಗಡಿ, ಫಿಲ್ಟರ್ ಕಾಫಿ ಪುಡಿ, ಕನ್ನಡದ ಮಾತು. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಬೋರ್ಡಿಂಗು, 1942ರಿಂದ ನಡೆಯುತ್ತಿದೆ. ಬಾಳೆಲೆ ಊಟ. ಸೋಮವಾರ ಬಾಗಿಲು ಹಾಕಿರುತ್ತದೆ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಇಂಥ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರು. 1926ರ ಮೈಸೂರು ಅಸೋಸಿಯೇಷನ್ ಕೂಡ ಈ ಮಾಟುಂಗಾದಲ್ಲೇ ಇದೆ. ಅಲ್ಲಿ ಸಂಜೆ ನಾಟಕವೋ ಸಂಗೀತವೋ ಇದೆಯಾ ವಿಚಾರಿಸಿ. ರೊಟ್ಟಿ ಬೇಕೆನ್ನಿಸಿದರೆ ದಾದರ್‌ನ ಮರಾಠಿ ಖಾನಾವಳಿಗೆ ಹೋಗಿ ಝುಣಕಾ ಭಾಕ್ರಿ ಕೇಳಿ, ನಿಮ್ಮ ಕಡೆಯ ಜೋಳದ ರೊಟ್ಟಿಗೆ ತೀರಾ ಹತ್ತಿರ. ಭಾಷೆಗೆ ಹೆದರಬೇಡಿ, ಹಿಂದಿ ಹೇಗಿದ್ದರೂ ನಡೆಯುತ್ತದೆ. ಹಿರಿಯ ಹೆಂಗಸರಿಗೆ "ಮಾವ್ಶಿ", ಗಂಡಸರಿಗೆ "ಕಾಕಾ" ಅನ್ನಿ.

ಉಳಿದದ್ದು ಡೊಂಬಿವಲಿ. ಸೆಂಟ್ರಲ್ ಲೈನು. ನಾಲ್ಕನೇ ದಿನ ಭಾನುವಾರ ಆಗದಂತೆ ನೋಡಿಕೊಳ್ಳಿ. ಭಾನುವಾರ ಹಳಿ ರಿಪೇರಿಗೆ ಮೆಗಾಬ್ಲಾಕ್ ಮಾಡುತ್ತಾರೆ, ಹಗಲು ರೈಲುಗಳೆಲ್ಲ ಅಸ್ತವ್ಯಸ್ತ. ವಾರದ ದಿನವಾದರೆ ಬೆಳಿಗ್ಗೆಯೇ ಹೊರಡಿ. ಆಗ ಜನ ಈ ಕಡೆ ಬರುತ್ತಿರುತ್ತಾರೆ, ನೀವು ಆ ಕಡೆ. ಸಂಜೆ ವಾಪಸ್ ಬರುವಾಗಲೂ ಹಾಗೇ ಉಲ್ಟಾ. ನೆಂಟರು ಊಟ ಮಾಡಿಕೊಂಡೇ ಹೋಗಿ ಎಂದು ಹಟ ಹಿಡಿದರೆ ಒಪ್ಪಿಕೊಳ್ಳಿ, ಹತ್ತು ಗಂಟೆಗೂ ದಾದರ್ ಕಡೆಗೆ ರೈಲಿದೆ.

– ಸಂ.